ಹನ್ನೊಂದು ಗಿನಿ ಕೋಳಿಗಳ ಹಾಜರಿ

ಮಾರ್ಚ್ ೩, ಸೋಮವಾರ

ಹೊಸ ನೋಟ್‌ಬುಕ್ಕು. ಹಳೆಯದರ ತುಂಬ ಬರೀ ಗೊಣಗಾಟವಿತ್ತು. ಇದರಲ್ಲಿ ಪಿಎಚ್‌ಡಿ ಪ್ರಬಂಧ ಮುಗಿಸುವ ಸಂತೋಷವನ್ನಷ್ಟೇ ಬರೆಯಬೇಕೆಂದು ನಿನ್ನೆ ತೀರ್ಮಾನಿಸಿದ್ದೆ. ಮೊದಲ ಪುಟದಲ್ಲೇ ಆ ತೀರ್ಮಾನಕ್ಕೆ ಎಳ್ಳುನೀರು.

ಹಕ್ಕಿಮನೆಯ ಮೇಷ್ಟ್ರು ಕಾಲು ಮುರಿದುಕೊಂಡಿದ್ದಾರೆ. ಅವರು ಪಾಠ ಹೇಳುವ ಮೇಷ್ಟ್ರಲ್ಲ. ನಮ್ಮ ಲ್ಯಾಬಿನ ಹಿತ್ತಲಲ್ಲಿರುವ ಹಕ್ಕಿಮನೆಯನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿರುವವರು. ದಿನಾ ಬೆಳಿಗ್ಗೆ ಹಕ್ಕಿಗಳ ಕಾಲಿನ ಪಟ್ಟಿಯ ನಂಬರು ನೋಡಿ ಒಂದೊಂದರದ್ದೂ ಹಾಜರಿ ತೆಗೆದುಕೊಳ್ಳುತ್ತಾರೆ, ಅದಕ್ಕೇ ಆ ಹೆಸರು. ನಿನ್ನೆ ತಮ್ಮ ಮನೆಯ ಮೆಟ್ಟಿಲಲ್ಲಿ, ಅದೂ ಕಟ್ಟಕಡೆಯ ಮೆಟ್ಟಿಲಲ್ಲಿ, ಜಾರಿದರಂತೆ. ಏಳು ವಾರ ಪ್ಲಾಸ್ಟರು.

ನನ್ನ ಗೈಡ್ ಮೇಡಂ ಕರೆದು, "ಈಗ ಆ ಹಕ್ಕಿಗಳು ಬೇಕಾಗಿರೋದು ನಿನಗೊಬ್ಬಳಿಗೇ. ನೀನೇ ನೋಡ್ಕೊ" ಎಂದು ಬೀಗದ ಕೈ ಅಂಗೈಗೆ ಹಾಕಿದರು. ಬದಲಿ ಆಳನ್ನು ಕಳಿಸಲು ಏಳೆಂಟು ವಾರ ಬೇಕೆಂದು ಕಚೇರಿಯವರು ಹೇಳಿದ್ದಾರಂತೆ. ಅಷ್ಟರಲ್ಲಿ ಮೇಷ್ಟ್ರ ಕಾಲೇ ಕೂಡಿಕೊಂಡಿರುತ್ತದೆ. ನನ್ನ ಪ್ರಬಂಧ ಒಪ್ಪಿಸಬೇಕಾದದ್ದು ಏಪ್ರಿಲ್ ೨೧ಕ್ಕೆ. ತಪ್ಪಿದರೆ ಇನ್ನೊಂದು ವರ್ಷ.

ಮೇಡಂಗೆ ತಿಳಿಯದ ಒಂದು ಸಂಗತಿಯಿದೆ. ನಾಲ್ಕು ವರ್ಷದಿಂದ ಜತನವಾಗಿ ಮುಚ್ಚಿಟ್ಟಿದ್ದೇನೆ. ನನಗೆ ಕೋಳಿ ಕಂಡರೆ ಜೀವ ಬಾಯಿಗೆ ಬರುತ್ತದೆ. ಐದು ವರ್ಷದವಳಿದ್ದಾಗ ಪಕ್ಕದ ಮನೆಯ ಹುಂಜವೊಂದು ನಮ್ಮ ಅಡುಗೆಮನೆಗೇ ನುಗ್ಗಿ ನನ್ನ ಮೀನಖಂಡಕ್ಕೆ ಕುಕ್ಕಿತ್ತು. ಅಮ್ಮ ಕಾಪಾಡಲಿ ಎಂದು ತಿರುಗಿ ನೋಡಿದರೆ ನನಗಿಂತ ಮೊದಲು ಅವಳೇ ಮೇಜು ಹತ್ತಿ ನಿಂತಿದ್ದಳು. ಹಾಗಿದ್ದೂ ಹಕ್ಕಿಗಳ ಮೇಲೆ ಯಾಕೆ ಸಂಶೋಧನೆ ಎಂದರೆ, ಕಂಪ್ಯೂಟರಿನಲ್ಲಿ ಹಕ್ಕಿಗೆ ಕೊಕ್ಕಿರುವುದಿಲ್ಲ. ಹಕ್ಕಿಗಳ ರಕ್ತ ಮೇಷ್ಟ್ರ ಕೈಯಿಂದ ಕೊಳವೆಯಲ್ಲಿ ಬರುತ್ತಿತ್ತು. ನಾನು ಹಕ್ಕಿಮನೆಯ ಬಾಗಿಲನ್ನೂ ನೋಡಿರಲಿಲ್ಲ.

ಮಾರ್ಚ್ ೪, ಮಂಗಳವಾರ

ಬಾಗಿಲು ನೋಡಿದೆ. ಹಸಿರು ಬಣ್ಣ. ಹೊರಗೆ ಔಷಧಿ ನೀರಿನ ತಟ್ಟೆ. ಅದರಲ್ಲಿ ಬೂಟು ಅದ್ದಿಯೇ ಒಳಗೆ ಹೋಗಬೇಕು. ನಾನು ಹದಿನೈದು ನಿಮಿಷ ಬೂಟು ಅದ್ದಿದೆ. ಇದಕ್ಕಿಂತ ಶುದ್ಧವಾದ ಬೂಟು ಪ್ರಪಂಚದಲ್ಲಿಲ್ಲ.

ಕೊನೆಗೆ ಮೇಷ್ಟ್ರಿಗೇ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ನಗುತ್ತಾರೆಂದುಕೊಂಡಿದ್ದೆ, ನಗಲಿಲ್ಲ. "ಮೊದ್ಲು ಉಸಿರು ಬಿಡಿ ತಾಯಿ. ನೀವು ಉಸಿರು ಹಿಡ್ಕೊಂಡು ನಿಂತ್ರೆ ಅವೂ ಹಿಡ್ಕೊತವೆ. ಅವೇನೂ ಮಾಡಲ್ಲ. ನಿಮ್ಮನ್ನ ಕಂಡ್ರೆ ಅವಕ್ಕೇ ಭಯ" ಎಂದರು.

ಉಸಿರು ಬಿಟ್ಟೆ. ಬಾಗಿಲನ್ನು ಒಂದು ಗೇಣು ತೆರೆದೆ. ಒಳಗಿನಿಂದ ಯಾರೋ ತುಕ್ಕು ಹಿಡಿದ ಕಬ್ಬಿಣವನ್ನು ಗರಗಸದಿಂದ ಕೊಯ್ದ ಹಾಗೆ ಕಿರುಚಿದರು. ಕಾಳಿನ ಡಬ್ಬಿ ಒಳಕ್ಕೆ ಎಸೆದು ಕಾಲಿಗೆ ಬುದ್ಧಿ ಹೇಳಿದೆ.

ಹಾಜರಿ: ತೆಗೆಯಲಿಲ್ಲ.

ಮಾರ್ಚ್ ೫, ಬುಧವಾರ

ಡಬ್ಬಿ ವಾಪಸು ತರಲು ಒಳಗೆ ಹೋಗಲೇಬೇಕಾಯಿತು. ಬದುಕಿದ್ದೇನೆ.

ಮಾರ್ಚ್ ೮, ಶನಿವಾರ

ಇಪ್ಪತ್ತು ಕೋಳಿ ಒಂದು ಕೋಣೆಯಲ್ಲಿ, ಹನ್ನೊಂದು ಗಿನಿ ಕೋಳಿ ಜಾಲರಿಯಾಚೆಗಿನ ಕೋಣೆಯಲ್ಲಿ. ಕೋಳಿಗಳು ಹೇಗೋ ಸಹಿಸಬಹುದು. ಈ ಗಿನಿಗಳೆಂದರೆ, ಬೂದು ಮೈಗೆ ಬಿಳಿ ಚುಕ್ಕೆ, ಅಷ್ಟು ಚಂದದ ಮೈಮೇಲೆ ಒಂದು ಬೋಳು ತಲೆ, ಅದರಲ್ಲಿ ಸದಾ ಸಿಟ್ಟಿನ ಕಣ್ಣು. ಏಳನೇ ನಂಬರಿನದು ಎಲ್ಲಕ್ಕಿಂತ ಘಾಟಿ. ನಾನು ಬಾಗಿಲ ಹತ್ತಿರ ಬಂದರೆ ಸಾಕು, ಊರಿಗೆಲ್ಲ ಕೇಳುವಂತೆ ಚಾಡಿ ಹೇಳುತ್ತದೆ. ಉಳಿದ ಹತ್ತೂ ಅದಕ್ಕೆ ಸೊಲ್ಲು ಸೇರಿಸುತ್ತವೆ.

ಸರಿಯಾಗಿ ಅದೇ ಹೊತ್ತಿಗೆ ಅಮ್ಮನ ಫೋನು ಬಂತು. ದಿನಕ್ಕೊಮ್ಮೆ ಮಾಡಿ ಎಚ್ಚರಿಕೆಗಳ ಪಟ್ಟಿ ಒಪ್ಪಿಸುವುದು ಅವಳ ಪದ್ಧತಿ. ಕೈ ತೊಳೆದುಕೋ, ಹಸಿದು ಕೂರಬೇಡ, ಕಣ್ಣಿಗೆ ವಿರಾಮ ಕೊಡು. ಅಪ್ಪ ಹೋದ ಮೇಲೆ ಪಟ್ಟಿ ಇನ್ನಷ್ಟು ಉದ್ದವಾಗಿದೆ. ನಾನು ಹೂಂ ಹೂಂ ಎನ್ನುತ್ತೇನೆ, ಒಂದನ್ನೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

"ಅದೇನೇ ಅದು ಕಿರುಚ್ತಿರೋದು?" ಎಂದಳು. ನಿಜ ಹೇಳಿದರೆ ಮೊದಲ ಬಸ್ಸಿಗೇ ಹತ್ತಿ ಬಂದು ನನ್ನನ್ನು ಎಳೆದುಕೊಂಡು ಹೋಗುತ್ತಾಳೆ. ಪಕ್ಕದ ಕಟ್ಟಡದ ಗೇಟು ಎಂದೆ. ಆ ಗೇಟಿಗೆ ಸ್ವಲ್ಪ ಎಣ್ಣೆ ಹಾಕಿಸಬಾರದೇ ಎಂದು ಎಚ್ಚರಿಕೆಯ ಪಟ್ಟಿಗೆ ಅದನ್ನೂ ಸೇರಿಸಿದಳು.

ಹಾಜರಿ: ಕೋಳಿ ಇಪ್ಪತ್ತು. ಗಿನಿ ಹತ್ತೋ ಹನ್ನೊಂದೋ. ಒಂದು ಕಡೆ ನಿಲ್ಲುವ ಸೌಜನ್ಯವಿಲ್ಲ.

ಮಾರ್ಚ್ ೧೪, ಶುಕ್ರವಾರ

ಇವತ್ತು ಮೂಡು ಚೆನ್ನಾಗಿದೆ. ಐದನೇ ಅಧ್ಯಾಯ ಬರೆಯುತ್ತಿದ್ದೇನೆ. ಪ್ರಬಂಧಕ್ಕೆಲ್ಲ ಇದೇ ಕಿರೀಟ.

ವೈರಸ್ಸು ಹೊಕ್ಕ ಜೀವಕೋಶ ತಾನು ಸಾಯುವ ಮುಂಚೆ ಒಂದು ಪ್ರೋಟೀನನ್ನು ಹೊರಗೆ ಬಿಡುತ್ತದೆ. ಅದು ಮುಟ್ಟಿದ ಅಕ್ಕಪಕ್ಕದ ಕೋಶಗಳು ಕದ ಭದ್ರ ಮಾಡಿಕೊಂಡು ಕೂರುತ್ತವೆ. ಇಂಟರ್‌ಫೆರಾನ್ ಎಂದು ಅದರ ಹೆಸರು. ನನ್ನ ಮಟ್ಟಿಗೆ ಅದು 'ಕೂಗು'. ಹತ್ತಿರದ ಸಂಬಂಧಿಗಳಾದ ಕೋಳಿ ಮತ್ತು ಗಿನಿಯ ಕೂಗುಗಳನ್ನು ಪಕ್ಕಪಕ್ಕದಲ್ಲಿಟ್ಟು ಎಲ್ಲಿ ಒಂದೇ, ಎಲ್ಲಿ ಬೇರೆ ಎಂದು ನೋಡುವುದೇ ನನ್ನ ನಾಲ್ಕು ವರ್ಷದ ಕೆಲಸ. ಒಬ್ಬರ ಕೂಗು ಇನ್ನೊಬ್ಬರಿಗೆ ತಿಳಿಯುತ್ತದೆಯೇ ಎನ್ನುವುದು ಐದನೇ ಅಧ್ಯಾಯದ ಪ್ರಶ್ನೆ.

ಅದನ್ನು ನೋಡುವ ಬಗೆ ಸುಲಭ. ಪ್ಲಾಸ್ಟಿಕ್ ತಟ್ಟೆಯ ಪುಟ್ಟ ಗುಳಿಗಳಲ್ಲಿ ಕೋಶಗಳನ್ನು ಬೆಳೆಸಿ, ಒಂದು ದಿನ ಕೂಗಿನ ಪ್ರೋಟೀನು ಹಾಕಿ, ಮರುದಿನ ವೈರಸ್ಸು ಬಿಟ್ಟು, ಆಮೇಲೆ ನೇರಳೆ ಬಣ್ಣ ಸುರಿಯುವುದು. ಬದುಕಿದ ಕೋಶಗಳು ಬಣ್ಣ ಹಿಡಿಯುತ್ತವೆ. ಸತ್ತವು ತೊಳೆದುಹೋಗಿ ಗುಳಿ ಖಾಲಿ ಕಾಣುತ್ತದೆ. ಕೋಳಿಯ ಕೋಶಗಳು ಹೇಳಿದ ಮಾತು ಕೇಳುವಂಥವು: ಕೂಗು ಹಾಕಿದರೆ ನೇರಳೆ, ಹಾಕದಿದ್ದರೆ ಖಾಲಿ. ಗಿನಿಯ ಕೋಶಗಳು ಮಾತ್ರ ಕೂಗು ಹಾಕಿದರೂ ನೇರಳೆ, ಹಾಕದಿದ್ದರೂ ನೇರಳೆ. ಎಂದರೆ ಗಿನಿಗೆ ಯಾರ ಎಚ್ಚರಿಕೆಯೂ ಬೇಕಿಲ್ಲ, ಅದು ಹುಟ್ಟಾ ಗಟ್ಟಿ. ಮೇಡಂ ಕಳೆದ ವರ್ಷ ದೊಡ್ಡ ಸಭೆಯೊಂದರಲ್ಲಿ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದರು.

ಗಟ್ಟಿ ಎಂದರೂ ಸಾಕುವಾಗ ಮಹಾ ನಾಜೂಕು. ಕೋಳಿಯ ಕೋಶಗಳು ಅಂಗಡಿಯಿಂದ ತಂದ ಕರುವಿನ ಸೀರಂನಲ್ಲಿ ತೆಪ್ಪಗೆ ಬೆಳೆಯುತ್ತವೆ. ಗಿನಿಯವು ಅದನ್ನು ಕಂಡರೆ ಮುಖ ತಿರುಗಿಸುತ್ತವೆ. ಹಾಗಾಗಿ ಅವಕ್ಕೆ ಮಾತ್ರ ನಮ್ಮದೇ ಕೋಳಿಗಳ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಯನ್ನು, ಎಂದರೆ ಕೋಳಿಯ ಸೀರಂ ಅನ್ನು, ಬೆರೆಸುತ್ತೇವೆ. ಅದು ನಮ್ಮ ಲ್ಯಾಬಿನ ಪುರಾತನ ಪದ್ಧತಿ; ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಹಳದಿ ಹಾಳೆಯಲ್ಲಿ ಹಾಗೇ ಬರೆದಿದೆ.

ಏಳನೇ ನಂಬರಿಗೆ ಚಾಡಿಕೋರಿ ಎಂದು ಹೆಸರಿಟ್ಟೆ. ಜೋಳ ಹಾಕಿದರೆ ಬಾಯಿ ಮುಚ್ಚುತ್ತದೆ ಎಂದು ಇವತ್ತು ತಿಳಿಯಿತು.

ಮಾರ್ಚ್ ೧೮, ಮಂಗಳವಾರ

ಕೋಳಿಗಳಿಗೆ ಲಸಿಕೆ. ಪಶುವೈದ್ಯರು ಬಂದಿದ್ದರು. ಕಣ್ಣಿಗೆ ಒಂದೊಂದು ಹನಿ ಬಿಡುವುದಷ್ಟೇ. ಆದರೆ ಯಾರಾದರೂ ಹಿಡಿದುಕೊಳ್ಳಬೇಕಲ್ಲ. ಡಾಕ್ಟರು ನನ್ನ ಮುಖ ನೋಡಿದರು, ನಾನು ಗೋಡೆಯ ಮುಖ ನೋಡಿದೆ. ಗೋಡೆ ಮುಂದೆ ಬರಲಿಲ್ಲ.

ಇಪ್ಪತ್ತು ಕೋಳಿ ಹಿಡಿದೆ. ಹದಿಮೂರನೆಯದು ನನ್ನ ಕೋಟಿನ ಗುಂಡಿಯೊಂದನ್ನು ಕಿತ್ತು ನುಂಗಲು ನೋಡಿತು. ಬಾಯೊಳಗೆ ಬೆರಳು ಹಾಕಿ ತೆಗೆದೆ, ಗುಂಡಿ ಒಡೆದಿತ್ತು. ಬೇರೆ ಗುಂಡಿ ಹೊಲಿಯಬೇಕು, ಅದೇ ಬಣ್ಣದ್ದು ಸಿಗುತ್ತದೋ ಇಲ್ಲವೋ.

ಮಾರ್ಚ್ ೧೯, ಬುಧವಾರ

ಹನಿ ಹಾಕಿದ ಮರುದಿನ ಕೋಳಿಗಳ ಕಣ್ಣು ಊದಿದೆಯೇ ನೋಡಿ ಎಂದು ಡಾಕ್ಟರು ಹೇಳಿದ್ದರು. ಹೇಗೆ ನೋಡುವುದೆಂದು ತಿಳಿಯಲು ಮೊಳೆಗೆ ನೇತುಹಾಕಿದ್ದ ಮೇಷ್ಟ್ರ ನೋಟ್‌ಬುಕ್ಕು ತೆಗೆದೆ. ದುಂಡನೆಯ ಅಕ್ಷರ. ಪ್ರತಿ ಲಸಿಕೆಯ ಮರುದಿನವೂ ಒಂದೇ ಒಕ್ಕಣೆ:

'ಕಣ್ಣು ನೋಡಿದ್ದು. ಸೀರಂ ರಕ್ತವನ್ನೂ ಇವತ್ತೇ ತೆಗೆದದ್ದು. ಎರಡೆರಡು ಸಲ ಹಿಡಿದರೆ ಪಾಪ, ಹಕ್ಕಿಗೆ ಗಾಬರಿ.'

ಮೂರು ಸಲ ಓದಿದೆ. ಲಸಿಕೆಯೆಂದರೆ ಸೊರಗಿದ ವೈರಸ್ಸು. ಅದು ಮೈಗೆ ಬಿದ್ದ ಮರುದಿನ ಕೋಳಿಯ ರಕ್ತದ ತುಂಬ ಕೂಗು, ಬರೀ ಕೂಗು. ಅದೇ ರಕ್ತದ ತಿಳಿಯನ್ನು ನಾಲ್ಕು ವರ್ಷ ನನ್ನ ಕೈಯಾರೆ ಗಿನಿಯ ಕೋಶಗಳಿಗೆ ಉಣಿಸಿದ್ದೇನೆ. ಆಮೇಲೆ, ಏನೂ ಹಾಕದಿದ್ದರೂ ಇವು ಬದುಕುತ್ತವಲ್ಲ ಎಂದು ಬೆರಗುಪಟ್ಟು ಅಧ್ಯಾಯ ಬರೆದಿದ್ದೇನೆ.

ಹುಟ್ಟಾ ಗಟ್ಟಿಯಂತೆ.

ಮಾರ್ಚ್ ೨೦, ಗುರುವಾರ

ಆ ನೋಟ್‌ಬುಕ್ಕನ್ನು ಯಾರೂ ಓದುವುದಿಲ್ಲ. ಮೊಳೆಗೆ ಹಾಕಿ ತೆಪ್ಪಗಿದ್ದರೆ ಏಪ್ರಿಲ್ ೨೧ಕ್ಕೆ ನನ್ನ ಕೆಲಸ ಮುಗಿಯಿತು.

ಊಟ ಸೇರಲಿಲ್ಲ. ಅಮ್ಮನ ಫೋನು ಎತ್ತಲಿಲ್ಲ.

ಹಾಜರಿ: ಎಲ್ಲರೂ ಇದ್ದಾರೆ. ನಾಲ್ಕನೇ ಗಿನಿ ಸ್ವಲ್ಪ ಕುಂಟುತ್ತಿತ್ತು, ಉಗುರಿಗೆ ದಾರ ಸುತ್ತಿಕೊಂಡಿತ್ತು, ಬಿಡಿಸಿದೆ.

ಮಾರ್ಚ್ ೨೧, ಶುಕ್ರವಾರ

ಹೇಳಿಬಿಟ್ಟೆ.

ಬೆಳಿಗ್ಗೆ ಹಾಜರಿ ಮುಗಿಸಿದವಳೇ ನೋಟ್‌ಬುಕ್ಕು ಕಂಕುಳಲ್ಲಿಟ್ಟುಕೊಂಡು ಮೇಡಂ ಕೋಣೆಗೆ ಹೋದೆ. ಮೈಯೆಲ್ಲ ಹೊಟ್ಟು. ಅವರು ಓದಿದರು, ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಓದಿದರು.

"ಆ ಸಭೇಲಿ ಎಷ್ಟು ಜನ ಎದ್ದು ನಿಂತು ಚಪ್ಪಾಳೆ ಹೊಡೆದ್ರು, ಗೊತ್ತಾ ನಿಂಗೆ?"

ಗೊತ್ತು ಎಂದೆ.

"ಅಷ್ಟು ಜನಕ್ಕೂ ನಾನೇ ಪತ್ರ ಬರೀತೀನಿ. ಅದು ನನ್ನ ಪಾಡು. ನೀನು ಹೊಸದಾಗಿ ತಟ್ಟೆ ಹಾಕು. ಬೇರೆ ಫಲಿತಾಂಶ ಬಂದ್ರೆ ಬೇರೆ ಅಧ್ಯಾಯ ಬರಿ. ತಾರೀಖು ಮಾತ್ರ ಬದಲಾಗಲ್ಲ."

ಬೈದಿದ್ದರೆ ಅಳು ಬರುತ್ತಿರಲಿಲ್ಲ. ಬೈಯಲಿಲ್ಲ, ಅದಕ್ಕೇ ಅತ್ತೆ. ಮೇಡಂ ನೀರು ಕೊಟ್ಟು, ಸೀರಂಗೆ ಏನು ಮಾಡುವುದೆಂದು ಯೋಚಿಸತೊಡಗಿದರು. ಈಗಿನ ಕೋಳಿಗಳ ರಕ್ತ ಕೆಲಸಕ್ಕೆ ಬಾರದು, ಮೊನ್ನೆಯಷ್ಟೇ ಲಸಿಕೆಯಾಗಿದೆ. ಗಿನಿಗಳಿಗೆ ಲಸಿಕೆ ಹಾಕಿ ಎಂಟು ತಿಂಗಳಾಯಿತು. ಅವುಗಳ ಕೋಶಕ್ಕೆ ಅವುಗಳದ್ದೇ ಸೀರಂ ಕೊಡಬಹುದು. ಡಾಕ್ಟರು ರಕ್ತ ತೆಗೆಯುತ್ತಾರೆ, ಆದರೆ ಗಿನಿ ಹಿಡಿಯುವುದು ಕೋಳಿ ಹಿಡಿದಂತಲ್ಲ, ಮೇಷ್ಟ್ರಿಲ್ಲದೆ ಯಾರು ಹಿಡಿಯುತ್ತಾರೆ ಎಂದರು.

ನಾನು ಹಿಡಿಯುತ್ತೇನೆ ಎಂದು ಯಾರೋ ಹೇಳಿದರು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

ಮಾರ್ಚ್ ೨೩, ಭಾನುವಾರ

ಮೇಷ್ಟ್ರ ಮನೆಗೆ ಹೋಗಿದ್ದೆ. ಕಿಟಕಿ ಪಕ್ಕದ ಮಂಚದಲ್ಲಿ ಕಾಲು ನೀಡಿಕೊಂಡು ಕೂತಿದ್ದರು. ಮೊದಲು ಹಾಜರಿ ಕೇಳಿದರು, ಒಂದೊಂದು ನಂಬರಿನದ್ದೂ. ನಾಲ್ಕನೆಯದರ ಉಗುರಿನ ಕಥೆ ಕೇಳಿ ತಲೆಯಾಡಿಸಿದರು. ಆಮೇಲೆ ನಾನು ಸೀರಂ ವಿಷಯ ಹೇಳಿದೆ.

"ಹಂಗಾದ್ರೆ ನಿಮ್ಮ ನಾಲ್ಕು ವರ್ಷ ನಾನು ಹಾಳು ಮಾಡ್ದೆ."

"ನೀವು ಎಲ್ಲಾನೂ ಬರೆದಿಟ್ಟಿದ್ರಿ ಮೇಷ್ಟ್ರೇ. ನಾನು ಒಂದ್ ದಿನಾನೂ ಬಂದು ಓದ್ಲಿಲ್ಲ. ತಪ್ಪು ನಂದು."

ಮುದುಕರ ಕಣ್ಣಲ್ಲಿ ನೀರು ಬಂತು. ನನಗೂ ಬಂತು. ಅವರ ಹೆಂಡತಿ ಚಹಾ ತಂದವರು ನಮ್ಮಿಬ್ಬರನ್ನೂ ನೋಡಿ, ಕಾಲು ಮುರಿದ ದಿನವೂ ಇವರು ಹೀಗೆ ಅತ್ತಿರಲಿಲ್ಲ ಎಂದರು. ಅಲ್ಲಿಗೆ ಮೇಷ್ಟ್ರಿಗೆ ನಗು ಬಂದು, ದಿಂಬನ್ನು ಗಿನಿ ಮಾಡಿಕೊಂಡು ಪಾಠ ಶುರು ಮಾಡಿದರು. ಕಾಲು ಹಿಡಿಯಬಾರದು, ಉಳುಕುತ್ತದೆ. ರೆಕ್ಕೆಯೆರಡನ್ನೂ ಮೈಗೆ ಒತ್ತಿ, ಎದೆ ಅಂಗೈಯಲ್ಲಿ ಕೂರುವಂತೆ ಎತ್ತಬೇಕು. ತಲೆ ನಮ್ಮ ತೋಳಿನ ಸಂದಿಯ ಕತ್ತಲಲ್ಲಿದ್ದರೆ ಅವು ಸುಮ್ಮನಾಗುತ್ತವೆ. ಆ ದಿಂಬನ್ನು ನಾನು ಇಪ್ಪತ್ತು ಸಲ ಹಿಡಿದೆ. ಒಂದು ಸಲವೂ ಕುಕ್ಕಲಿಲ್ಲ.

ಮಾರ್ಚ್ ೨೬, ಬುಧವಾರ

ದಿಂಬಿಗೂ ಗಿನಿಗೂ ಬಹಳ ವ್ಯತ್ಯಾಸವಿದೆ.

ಮೊದಲ ಅರ್ಧ ಗಂಟೆ ಅವು ಗೋಡೆಯಿಂದ ಗೋಡೆಗೆ, ನಾನು ಅವುಗಳ ಹಿಂದೆ. ಡಾಕ್ಟರು ಸೂಜಿ ಹಿಡಿದು ನಗು ತಡೆಯಲಾರದೆ ನಿಂತಿದ್ದರು. ಆಮೇಲೆ ಉಸಿರು ಬಿಟ್ಟು ಕೋಣೆಯ ಮಧ್ಯೆ ಸುಮ್ಮನೆ ಕುಕ್ಕರಗಾಲಲ್ಲಿ ಕೂತೆ. ಅಂಗೈಯಲ್ಲಿ ಜೋಳ. ಎಲ್ಲರಿಗಿಂತ ಮೊದಲು ಬಂದದ್ದು ಚಾಡಿಕೋರಿ. ಎರಡೂ ರೆಕ್ಕೆ ಒತ್ತಿ ಎತ್ತಿದೆ. ಬೋಳು ತಲೆಯನ್ನು ನನ್ನ ತೋಳಿನ ಸಂದಿಗೆ ತುರುಕಿಕೊಂಡು ಮಿಸುಕದೆ ಕೂತಿತು. ಅದರ ಎದೆ ನನ್ನ ಅಂಗೈಯಲ್ಲಿ ಡಬಡಬ ಹೊಡೆದುಕೊಳ್ಳುತ್ತಿತ್ತು. ಊರಿಗೆಲ್ಲ ಕೇಳುವಂತೆ ಕಿರುಚುವ ಹಕ್ಕಿಗೆ ಇಷ್ಟು ಭಯವೇ ಎಂದು ಮರುಕವಾಯಿತು.

ಆರು ಹಕ್ಕಿಯ ರಕ್ತ ಸಾಕಾಯಿತು. ಮುಗಿದ ಮೇಲೆ ಅಮ್ಮನಿಗೆ ನಾನೇ ಫೋನು ಮಾಡಿದೆ. ಗೇಟಿಗೆ ಎಣ್ಣೆ ಹಾಕಿಸಿದ್ದಾರೆಯೇ ಎಂದು ಕೇಳಿದಳು. ಇವತ್ತು ಸ್ವಲ್ಪ ಪರವಾಗಿಲ್ಲ ಎಂದೆ.

ಏಪ್ರಿಲ್ ೪, ಶುಕ್ರವಾರ

ಬಣ್ಣ ಸುರಿದು, ತೊಳೆದು, ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗಿನಿ ಕೋಶಗಳು, ಗಿನಿಯದೇ ಸೀರಂ. ಕೂಗು ಹಾಕದ ಗುಳಿಗಳು ಖಾಲಿ. ಒಂದು ಚುಕ್ಕೆ ಬಣ್ಣವಿಲ್ಲ. ಕೋಳಿಯ ಕೂಗು ಹಾಕಿದ ಗುಳಿಗಳು ಗಾಢ ನೇರಳೆ.

ಮೇಡಂ ಅದನ್ನು ಕಂಡು ಕುರ್ಚಿಯ ಮೇಲೆ ಕೂತುಬಿಟ್ಟರು. ನಮ್ಮ ಶೂರ ಗಿನಿಗಳು ಹುಟ್ಟಾ ಗಟ್ಟಿಯೂ ಅಲ್ಲ, ಗಿಟ್ಟಿಯೂ ಅಲ್ಲ. ನಾಲ್ಕು ವರ್ಷವೂ ಕೋಳಿಯ ಕೂಗು ಕೇಳಿಯೇ ಬದುಕಿದ್ದವು, ನಮಗೆ ಕೇಳಿಸಿರಲಿಲ್ಲ ಅಷ್ಟೇ. ಎರಡು ಪ್ರೋಟೀನುಗಳನ್ನು ಮತ್ತೆ ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಎಲ್ಲೆಲ್ಲೋ ಬೇರೆ, ಆದರೆ ಕೋಶದ ಕದ ತಟ್ಟುವ ಜಾಗದಲ್ಲಿ ಎರಡೂ ಒಂದೇ. ಇದು ಮೊದಲಿಂದಲೂ ಕಣ್ಣೆದುರೇ ಇತ್ತು.

ಕೋಳಿಯ ಕೋಣೆಯಲ್ಲಿ ಏನಾದರೂ ಗದ್ದಲವಾದರೆ ಗಿನಿಗಳು ಕ್ಯಾರೇ ಅನ್ನುವುದಿಲ್ಲ, ಗಿನಿ ಕಿರುಚಿದರೆ ಮಾತ್ರ ಕೋಳಿಗಳೆಲ್ಲ ಮೂಲೆ ಸೇರುತ್ತವೆ, ಆದರೆ ಪ್ರೋಟೀನಿನಲ್ಲಿ ನೋಡಿ ಹೇಗೆ ತಿರುಗುಮುರುಗು ಎಂದು ಅಧ್ಯಾಯದಲ್ಲಿ ಒಂದು ಸಾಲು ಬರೆದೆ. ಮೇಡಂ ಅಡ್ಡಗೆರೆ ಎಳೆದು ಪಕ್ಕದಲ್ಲಿ 'ಇದು ಪ್ರಬಂಧ' ಎಂದು ಬರೆದರು. ಇದು ದಿನಚರಿ, ಇಲ್ಲಿರಲಿ.

ಏಪ್ರಿಲ್ ೧೨, ಶನಿವಾರ

ಮೂರನೇ ಸಲವೂ ಅದೇ ಫಲಿತಾಂಶ. ಬರೆಯುತ್ತಿದ್ದೇನೆ, ಬರೆಯುತ್ತಿದ್ದೇನೆ, ಬರೆಯುತ್ತಿದ್ದೇನೆ. ಲ್ಯಾಬಿನಲ್ಲಿ ಗಲಾಟೆಯೆಂದು ಲ್ಯಾಪ್‌ಟಾಪು ತಂದು ಹಕ್ಕಿಮನೆಯ ಕಾಳಿನ ಮೂಟೆಯ ಮೇಲೆ ಕೂತು ಬರೆಯುತ್ತೇನೆ. ಇಲ್ಲಿ ಯಾರೂ ಮಾತಾಡಿಸುವುದಿಲ್ಲ.

ಏಪ್ರಿಲ್ ೨೧, ಸೋಮವಾರ

ಒಪ್ಪಿಸಿದೆ. ಮಧ್ಯಾಹ್ನ ಮೂರೂ ಕಾಲಿಗೆ, ತಲೆಕೆಳಗಾಗಿ ಕೊನೆಗೂ ನೆಟ್ಟಗಾದ ಐದನೇ ಅಧ್ಯಾಯದ ಸಮೇತ. ಕೃತಜ್ಞತೆಯ ಪುಟದಲ್ಲಿ ಮೊದಲ ಹೆಸರು ಮೇಷ್ಟ್ರದ್ದು.

ಮೇಡಂ ಬರೆದ ಪತ್ರಗಳಿಗೆ ಉತ್ತರ ಬರುತ್ತಿದೆ. ಒಬ್ಬರೂ ಮೂಗು ಮುರಿದಿಲ್ಲ. ಮೂರು ಲ್ಯಾಬಿನವರು, ನಮ್ಮಲ್ಲೂ ಲಸಿಕೆಯ ಮರುದಿನವೇ ರಕ್ತ ತೆಗೆಯುವ ಪದ್ಧತಿಯಿದೆ, ಈಗೇನು ಮಾಡುವುದು ಎಂದು ಕಂಗಾಲಾಗಿ ಕೇಳಿದ್ದಾರೆ. ಮೇಡಂ ಊಟದ ಹೊತ್ತಿನಲ್ಲಿ ಆ ಪತ್ರಗಳನ್ನು ಗಟ್ಟಿಯಾಗಿ ಓದಿ ಹೊಟ್ಟೆ ಹುಣ್ಣಾಗುವಂತೆ ನಗಿಸಿದರು.

ಮೇಷ್ಟ್ರು ಕೋಲು ಊರಿಕೊಂಡು ಕೆಲಸಕ್ಕೆ ಬಂದರು. ಬೀಗದ ಕೈ ಕೊಟ್ಟೆ. ಕೊಡುವಾಗ ಯಾಕೋ ಕೈ ಖಾಲಿಯೆನಿಸಿತು. ಇನ್ನೊಂದು ಬೀಗದ ಕೈ ಮಾಡಿಸಿಕೊಳ್ಳಬಹುದೇ ಎಂದು ಕೇಳಬೇಕು.

ಏಪ್ರಿಲ್ ೨೭, ಭಾನುವಾರ

ಅಮ್ಮ ಬಂದಿದ್ದಾಳೆ. ಪ್ರಬಂಧ ಒಪ್ಪಿಸಿದ ಮಗಳನ್ನು ಕಣ್ತುಂಬ ನೋಡಬೇಕಂತೆ. ಜೊತೆಗೆ ಒಂದು ಸಣ್ಣ ಎಣ್ಣೆ ಬಾಟಲಿ, ಗೇಟಿಗೆ. ಇನ್ನು ಸುಳ್ಳು ನಡೆಯದೆಂದು ಗೇಟು ತೋರಿಸಲು ಕರೆದುಕೊಂಡು ಹೋದೆ. ಮೇಷ್ಟ್ರು ಕೋಟು ಬೂಟು ಕೊಟ್ಟು ಔಷಧಿ ನೀರಿನ ತಟ್ಟೆ ತೋರಿಸಿದರು. ಅಮ್ಮ ಬೂಟು ಅದ್ದಿಯೇ ಅದ್ದಿದಳು. ಒಳಗಿನಿಂದ ಚಾಡಿಕೋರಿ ಕಿರುಚಿತು. ಅಮ್ಮ ನನ್ನ ತೋಳು ಹಿಡಿದುಕೊಂಡ ಹಿಡಿತಕ್ಕೆ ಇನ್ನೂ ಉಗುರಿನ ಗುರುತಿದೆ.

"ಅದು ಗೇಟಲ್ಲ" ಎಂದಳು.

"ಅಲ್ಲ."

"ನೀನು ದಿನಾ ಇದರೊಳಗೆ ಹೋಗ್ತಿದ್ಯಾ?"

"ಮೊದ್ಲು ಉಸಿರು ಬಿಡಮ್ಮ. ನೀನು ಉಸಿರು ಹಿಡ್ಕೊಂಡ್ರೆ ಅವೂ ಹಿಡ್ಕೊತವೆ. ಅವೇನೂ ಮಾಡಲ್ಲ. ನಿನ್ನನ್ನ ಕಂಡ್ರೆ ಅವಕ್ಕೇ ಭಯ."

ಅಷ್ಟು ಹೇಳಿದ್ದಕ್ಕೆ ಮೇಷ್ಟ್ರು ಯಾಕೆ ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡರೋ. ಅಮ್ಮನಂತೂ ಹಕ್ಕಿಗಳನ್ನು ಬಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತಳು. ಆಮೇಲೆ ದೊಡ್ಡದಾಗಿ ಉಸಿರು ಬಿಟ್ಟಳು, ನನ್ನ ಕೈ ಮಾತ್ರ ಬಿಡಲಿಲ್ಲ. ಒಳಗೆ ಹೋದೆವು. ಚಾಡಿಕೋರಿಯನ್ನು ಎತ್ತಿ ತೋಳಿನ ಸಂದಿಗಿಟ್ಟುಕೊಂಡೆ. ಅಮ್ಮ ಒಂದು ಬೆರಳು ಚಾಚಿ ಅದರ ಚುಕ್ಕೆಯೊಂದನ್ನು ಮುಟ್ಟಿದಳು. ಕೋಣೆಯಲ್ಲಿ ಮೇಜಿರಲಿಲ್ಲ, ಇದ್ದಿದ್ದರೂ ಹತ್ತುತ್ತಿರಲಿಲ್ಲ ಎಂದುಕೊಳ್ಳುತ್ತೇನೆ.

ಈಗ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ಮಲಗುವ ಮುಂಚೆ ಎಂದಿನಂತೆ ಪಟ್ಟಿ ಒಪ್ಪಿಸಿದಳು. ಕೈ ತೊಳೆದುಕೋ, ಹಸಿದು ಕೂರಬೇಡ. ಎಲ್ಲ ಕೇಳಿಸಿಕೊಂಡೆ.

ಬೆಳಿಗ್ಗೆ ಬೇಗ ಏಳಬೇಕು. ಮೇಷ್ಟ್ರಿಗೆ ಕೋಲು ಹಿಡಿದು ಅಷ್ಟೊಂದು ಬಗ್ಗಲು ಆಗುವುದಿಲ್ಲ. ಕಾಲಿನ ನಂಬರು ಓದಲು ಯಾರಾದರೂ ಬೇಕಲ್ಲ.

ಹಾಜರಿ: ಕೋಳಿ ಇಪ್ಪತ್ತು. ಗಿನಿ ಹನ್ನೊಂದು. ಅಮ್ಮ ಒಬ್ಬಳು.